ಎಂಎಸ್ಸಿ ಮಾಡಿದರೆ ವಾರ್ಡ್ ಬಿಟ್ಟು ಕ್ಲಾಸ್‌ರೂಮಿಗೇ ಹೋಗಬೇಕಾ? ಐಸಿಯುನಲ್ಲೇ ಇದ್ದು ಸ್ಪೆಷಲಿಸ್ಟ್ ನರ್ಸ್ ಆಗುವ ದಾರಿ ಉಂಟಾ?

ಬರೆದವರು: ನೈಟ್‌ಡ್ಯೂಟಿ ಕಿನ್ನಿಗೋಳಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಬೇಡಿ. ನೈಟ್ ಮುಗಿಸಿ ಬಂದು ನಿದ್ದೆ ಬಾರದೆ ಬರೆಯುತ್ತಿದ್ದೇನೆ.

ನಾನು ಬಿಎಸ್ಸಿ ನರ್ಸಿಂಗ್ ಮುಗಿಸಿ 4 ವರ್ಷದಿಂದ ಮಂಗಳೂರಿನ ಒಂದು ಖಾಸಗಿ ಆಸ್ಪತ್ರೆಯ ಮೆಡಿಕಲ್ ಐಸಿಯುನಲ್ಲಿದ್ದೇನೆ. ಕೆಲಸ ಇಷ್ಟ. ನಿಜವಾಗಿ ಇಷ್ಟ, ಬಾಯಿಮಾತಿಗೆ ಹೇಳುವುದಲ್ಲ. ಆದರೆ ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ಆದದ್ದು ಇನ್ನೂ ತಲೆಯಿಂದ ಹೋಗಿಲ್ಲ.

ಇಲಿಜ್ವರದ ರೋಗಿ, ತೋಟದ ಕೆಲಸದವರು, ವೆಂಟಿಲೇಟರ್‌ನಲ್ಲಿದ್ದರು. ರಾತ್ರಿ ಎರಡೂವರೆಗೆ ಚಡಪಡಿಸಲು ಶುರು ಮಾಡಿದರು. ಡ್ಯೂಟಿ ಡಾಕ್ಟರ್ ಹೊಸಬರು, ಆಚೆ ಬೆಡ್‌ನಲ್ಲಿ ಇನ್ನೊಬ್ಬರಿಗೆ ಬಿಪಿ ಬೀಳುತ್ತಿತ್ತು, ಅಲ್ಲಿಂದಲೇ "ಸೆಡೇಷನ್ ಜಾಸ್ತಿ ಮಾಡಿ ಸಿಸ್ಟರ್" ಅಂದರು, ಅಂದರೆ ಮಂಪರಿನ ಔಷಧಿ ಏರಿಸಿ ಅಂತ. ನಾನು ಮಾನಿಟರ್ ನೋಡಿದೆ. ಪೀಕ್ ಪ್ರೆಷರ್ (ಗಾಳಿ ಒಳಗೆ ತಳ್ಳುವಾಗಿನ ಒತ್ತಡ) ಏರುತ್ತಿತ್ತು, ಗಾಳಿಯ ಹರಿವು ತೋರಿಸುವ ಫ್ಲೋ ಗ್ರಾಫ್ ಗರಗಸದ ಹಲ್ಲಿನ ಹಾಗೆ ಕಾಣುತ್ತಿತ್ತು. ಟ್ಯೂಬ್‌ನಲ್ಲಿ ಕಫ ಕಟ್ಟಿದೆ ಅಂತ ಗೊತ್ತಾಯಿತು. ಮೊದಲು ಸಕ್ಷನ್ ಮಾಡಿದೆ, ಅಂದರೆ ಕಫ ಹೀರಿ ತೆಗೆದೆ. ಎರಡು ನಿಮಿಷದಲ್ಲಿ ಮನುಷ್ಯ ಶಾಂತ. ಸೆಡೇಷನ್ ಮುಟ್ಟಲೇ ಇಲ್ಲ. ಬೆಳಿಗ್ಗೆ ರೌಂಡ್ಸ್‌ನಲ್ಲಿ "ರಾತ್ರಿ ಸೆಟಲ್ ಆದರು" ಅಂತ ಒಂದು ಸಾಲು ಓದಿ ಮುಂದಿನ ಬೆಡ್‌ಗೆ ಹೋದರು. ನಾನೂ ಬಾಯಿ ಬಿಡಲಿಲ್ಲ.

ನನಗೆ ಹೊಗಳಿಕೆ ಬೇಕಿರಲಿಲ್ಲ. ಆದರೆ ಗೊತ್ತಿದ್ದನ್ನು ಧೈರ್ಯವಾಗಿ ಹೇಳಲು, ಏಕೆ ಅಂತ ವಿವರಿಸಲು, ಜೂನಿಯರ್‌ಗಳಿಗೆ ಕಲಿಸಲು ನನ್ನ ಹತ್ತಿರ ಏನೋ ಕಡಿಮೆ ಇದೆ ಅನಿಸಿತು. ಓದು ಕಡಿಮೆ ಇದೆಯಾ, ಪದವಿ ಕಡಿಮೆ ಇದೆಯಾ, ಎರಡೂನಾ ಗೊತ್ತಿಲ್ಲ.

ನನ್ನ ಸೀನಿಯರ್ ಒಬ್ಬರು ಐಸಿಯುನಲ್ಲಿ ಎಲ್ಲರಿಗಿಂತ ಜಾಣೆ. ಎಂಎಸ್ಸಿ ಮಾಡಿದರು, ಈಗ ಕಾಲೇಜಿನಲ್ಲಿ ಪಾಠ. "ರೋಗಿಯ ಕೈಹಿಡಿದು 6 ವರ್ಷ ಆಯ್ತು ಮಾರಾಯ್ತಿ" ಅಂತ ಮೊನ್ನೆ ಸ್ಟೇಟ್ ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ಹೇಳಿದರು. ನನಗೆ ಅದು ಬೇಡ. ಅಮೆರಿಕದಲ್ಲಿ ಕ್ಲಿನಿಕಲ್ ನರ್ಸ್ ಸ್ಪೆಷಲಿಸ್ಟ್, ನರ್ಸ್ ಪ್ರಾಕ್ಟಿಷನರ್ ಅಂತೆಲ್ಲ ಇದೆಯಂತೆ. ಇಲ್ಲಿ ಎನ್‌ಪಿಸಿಸಿ ಅಂತ ಒಂದು ಕೋರ್ಸ್ ಇದೆಯಂತೆ. ಯಾವುದು ಮಾಡಲಿ?

ಮನೆ ಪರಿಸ್ಥಿತಿ ಕೂಡ ಹೇಳಿಬಿಡುತ್ತೇನೆ. ಅಮ್ಮ ಬೀಡಿ ಕಟ್ಟಿ ಓದಿಸಿದ್ದು. ಎಜುಕೇಷನ್ ಲೋನ್ ಇನ್ನೂ ಒಂದು ವರ್ಷದ್ದು ಬಾಕಿ ಇದೆ. ಕೈಗೆ ಬರುವುದು 24 ಸಾವಿರ. ಮದುವೆ ಮಾತು ಬೇರೆ ನಡೆಯುತ್ತಾ ಇದೆ.

---

ದೇರಳಕಟ್ಟೆ ಟ್ಯೂಟರ್:

ತಂಗಿ, ಆ ಸೀನಿಯರ್ ನಾನಲ್ಲ, ಆದರೆ ನಾನೂ ಆಗಬಹುದಿತ್ತು. ಎಂಎಸ್ಸಿ ಮೆಡಿಕಲ್ ಸರ್ಜಿಕಲ್ ಮಾಡಿ 9 ವರ್ಷದಿಂದ ಪಾಠ ಮಾಡುತ್ತಿದ್ದೇನೆ.

ಎಂಎಸ್ಸಿಗೆ ಸೇರಲು ಬಿಎಸ್ಸಿಯಲ್ಲಿ ಕನಿಷ್ಠ 55 ಪರ್ಸೆಂಟ್ ಮತ್ತು ಒಂದು ವರ್ಷ ಕೆಲಸ ಮಾಡಿದ ಅನುಭವ ಬೇಕು. ನಿಮಗೆ ಅನುಭವ ಧಾರಾಳ ಇದೆ. ಕೋರ್ಸ್ 2 ವರ್ಷ. ಮೆಡಿಕಲ್ ಸರ್ಜಿಕಲ್‌ನ ಒಳಗೆ ಕ್ರಿಟಿಕಲ್ ಕೇರ್, ಕಾರ್ಡಿಯೋ ಥೊರಾಸಿಕ್, ಆಂಕಾಲಜಿ, ನ್ಯೂರೋ, ನೆಫ್ರೋ ಅಂತ ಉಪವಿಭಾಗಗಳೂ ಇವೆ. ಹೆಸರು ನೋಡಿದರೆ ಸ್ಪೆಷಲಿಸ್ಟ್ ತಯಾರಾಗಬೇಕು, ಅಲ್ವಾ? ಸಿಲಬಸ್‌ನಲ್ಲೂ ಹಾಗೇ ಇದೆ. ಆದರೆ ಪಾಸಾದ ಮೇಲೆ ನಮ್ಮನ್ನು ಕೈಬೀಸಿ ಕರೆಯುವುದು ಕಾಲೇಜು, ವಾರ್ಡ್ ಅಲ್ಲ. ಮಂಗಳೂರು, ಉಡುಪಿ, ಮಣಿಪಾಲದ ಸುತ್ತ ಎಷ್ಟು ನರ್ಸಿಂಗ್ ಕಾಲೇಜು ಉಂಟು ನೋಡಿ. ಅಷ್ಟಕ್ಕೂ ಎಂಎಸ್ಸಿ ಆದ ಟೀಚರ್‌ಗಳು ಬೇಕು. ಆಸ್ಪತ್ರೆಯಲ್ಲಿ ನಮಗೆ ಅಂತ ಬೇರೆ ಹುದ್ದೆ ಇಲ್ಲ, ಇದ್ದರೂ ಇನ್‌ಚಾರ್ಜ್, ಸೂಪರ್‌ವೈಸರ್, ಕೊನೆಗೆ ನರ್ಸಿಂಗ್ ಸೂಪರಿಂಟೆಂಡೆಂಟ್. ಅಂದರೆ ರೋಸ್ಟರ್ ಹಾಕುವುದು, ರಜೆಯ ಜಗಳ ಬಿಡಿಸುವುದು, ಲಿನನ್ ಲೆಕ್ಕ.

ಇನ್ನು ಥೀಸಿಸ್. ನನ್ನ ಬ್ಯಾಚ್‌ನಲ್ಲಿ ಅರ್ಧಕ್ಕರ್ಧ ಥೀಸಿಸ್ ಒಂದೇ ಅಚ್ಚು: ಯಾವುದೋ ವಿಷಯದ ಬಗ್ಗೆ ಒಂದು ಗುಂಪಿಗೆ ಪಾಠ ಮಾಡು, ಮೊದಲು ಒಂದು ಪ್ರಶ್ನೆಪತ್ರಿಕೆ, ನಂತರ ಒಂದು ಪ್ರಶ್ನೆಪತ್ರಿಕೆ, ಅಂಕ ಏರಿತು, ಮುಗೀತು. ಪಾಠ ಮಾಡಿದರೆ ಅಂಕ ಏರದೆ ಇಳಿಯುತ್ತದಾ? ನೀವು ಮಾಡುವುದಾದರೆ ದಯವಿಟ್ಟು ನಿಮ್ಮ ಐಸಿಯುನದ್ದೇ ಒಂದು ತೊಂದರೆ ಹಿಡಿದು ಮಾಡಿ. ಆ ಥೀಸಿಸ್ ನಿಮಗೆ ಮುಂದೆ ನಿಜಕ್ಕೂ ಕೆಲಸಕ್ಕೆ ಬರುತ್ತದೆ.

ಪಾಠ ಮಾಡುವುದನ್ನು ಕೀಳು ಮಾಡುತ್ತಿಲ್ಲ. ಮಕ್ಕಳನ್ನು ಪೋಸ್ಟಿಂಗ್‌ಗೆ ಕರೆದುಕೊಂಡು ಹೋದಾಗ ನಾನೂ ಬೆಡ್‌ಸೈಡ್‌ನಲ್ಲಿ ನಿಲ್ಲುತ್ತೇನೆ. ಆದರೆ ಅಲ್ಲಿ ನಾನು ಅತಿಥಿ.

---

ಬ್ರದರ್ ಬಂಟ್ವಾಳ:

ನಾನು ಎನ್‌ಪಿಸಿಸಿ ಮಾಡಿದವನು. ನರ್ಸ್ ಪ್ರಾಕ್ಟಿಷನರ್ ಇನ್ ಕ್ರಿಟಿಕಲ್ ಕೇರ್. 2016ರ ಹೊತ್ತಿಗೆ ಕೇಂದ್ರ ಆರೋಗ್ಯ ಇಲಾಖೆ ಮತ್ತು ಭಾರತೀಯ ನರ್ಸಿಂಗ್ ಕೌನ್ಸಿಲ್ ತಂದ ಕೋರ್ಸ್ ಇದು. 2 ವರ್ಷ, ಸ್ನಾತಕೋತ್ತರ ಪದವಿ, ರೆಸಿಡೆನ್ಸಿ ಮಾದರಿ. ಬಹುಪಾಲು ಸಮಯ ಐಸಿಯುನಲ್ಲೇ, ಕ್ಲಾಸ್ ಕಡಿಮೆ. ಡಾಕ್ಟರ್‌ಗಳ ಪಿಜಿ ಇದ್ದ ಹಾಗೆ ಅಂದುಕೊಳ್ಳಿ, ಡ್ಯೂಟಿ ಮಾಡುತ್ತಲೇ ಕಲಿಯುವುದು. ಕ್ಲಾಸ್‌ನಲ್ಲಿ ಮುಖ್ಯವಾಗಿ ಮೂರು ವಿಷಯ ಜೀವ ಹಿಂಡುತ್ತವೆ: ಅಡ್ವಾನ್ಸ್‌ಡ್ ಪೆಥೋಫಿಸಿಯಾಲಜಿ, ಅಡ್ವಾನ್ಸ್‌ಡ್ ಫಾರ್ಮಕಾಲಜಿ, ಅಡ್ವಾನ್ಸ್‌ಡ್ ಹೆಲ್ತ್ ಅಸೆಸ್‌ಮೆಂಟ್.

ಏನು ಬದಲಾಯಿತು ಅಂದರೆ, ನಿಮ್ಮ ಇಲಿಜ್ವರದ ರೋಗಿಯನ್ನೇ ತೆಗೆದುಕೊಳ್ಳಿ. ಕಿಡ್ನಿ ಕೆಟ್ಟಿದೆ ಅಂದ ಕೂಡಲೇ ಪೊಟ್ಯಾಸಿಯಂ ಏರಿರುತ್ತದೆ, ಮೂತ್ರ ಕಡಿಮೆ ಆಗಿರುತ್ತದೆ ಅಂತ ನಾವು ಬಿಎಸ್ಸಿಯಲ್ಲಿ ಕಲಿತದ್ದು. ಇಲಿಜ್ವರದಲ್ಲಿ ಎಷ್ಟೋ ಸಲ ಉಲ್ಟಾ. ಮೂತ್ರ ಬರುತ್ತಲೇ ಇರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಮೊದಲಾದರೆ ನಾನು ರಿಪೋರ್ಟ್ ನೋಡಿ "ಸಾರ್, ಪೊಟ್ಯಾಸಿಯಂ 2.9" ಅಂತ ಫೋನ್ ಮಾಡುತ್ತಿದ್ದೆ, ಅಷ್ಟೆ. ಈಗ ಹೀಗಾಗಬಹುದು ಅಂತ ಮೊದಲೇ ಕಾಯುತ್ತಿರುತ್ತೇನೆ, ಇಸಿಜಿ ಕಡೆ ಒಂದು ಕಣ್ಣು ಇಟ್ಟಿರುತ್ತೇನೆ, ಫೋನ್ ಮಾಡುವಾಗ ಏನು ಮಾಡಬೇಕು ಅಂತಲೂ ಹೇಳುತ್ತೇನೆ. ನಿಮ್ಮ ಆ ರಾತ್ರಿ ಇತ್ತಲ್ಲ, ನೀವು ಮಾಡಿದ್ದು ಸರಿ. ಆದರೆ ಡಾಕ್ಟರ್‌ಗೆ ಎರಡು ವಾಕ್ಯದಲ್ಲಿ ಕಾರಣ ಹೇಳಿ, ಕೇಸ್ ಶೀಟ್‌ನಲ್ಲಿ ಬರೆಯಬೇಕಿತ್ತು. ಬರೆಯದ ಕೆಲಸ ಮಾಡದ ಕೆಲಸ ಅಂತ ನಮ್ಮ ಇನ್‌ಚಾರ್ಜ್ ಸಿಸ್ಟರ್ ಬೈಯುತ್ತಿದ್ದರು.

ಈಗ ಕಹಿ ಭಾಗ. ಪಾಸಾಗಿ ಸರ್ಟಿಫಿಕೇಟ್ ಹಿಡಿದು ಒಂದು ಆಸ್ಪತ್ರೆಗೆ ಹೋದೆ (ಹೆಸರು ಬೇಡ). ಎಚ್‌ಆರ್‌ನವರು "ಇದು ಡಿಪ್ಲೊಮಾನಾ?" ಅಂತ ಕೇಳಿದರು. ಪೇ ಸ್ಲಿಪ್‌ನಲ್ಲಿ ಹುದ್ದೆ ಸ್ಟಾಫ್ ನರ್ಸ್, ಸಂಬಳ 3 ಸಾವಿರ ಜಾಸ್ತಿ. ಒಂದು ವರ್ಷ ಹಲ್ಲು ಕಚ್ಚಿ ಇದ್ದೆ, ಬಿಟ್ಟೆ. ಈಗ ಇರುವ ಕಡೆ ಐಸಿಯು ಮುಖ್ಯಸ್ಥರು ನರ್ಸ್‌ಗಳನ್ನು ನಂಬುವವರು. ಯಾವ ಕೆಲಸವನ್ನು ನಾನು ಕೇಳದೆ ಮಾಡಬಹುದು ಅಂತ ಲಿಖಿತ ಪ್ರೊಟೊಕಾಲ್ ಮಾಡಿದ್ದಾರೆ. ಪೊಟ್ಯಾಸಿಯಂ, ಮೆಗ್ನೀಸಿಯಂ ತುಂಬುವುದು, ಬೆಳಿಗ್ಗೆ ಸೆಡೇಷನ್ ನಿಲ್ಲಿಸಿ ರೋಗಿ ತಾನೇ ಉಸಿರಾಡುತ್ತಾರಾ ನೋಡುವುದು, ಹೀಗೆ. ಅದರ ಮೇಲೆ ಅವರ ಸಹಿ ಇದೆ. ಅಮೆರಿಕದ ನರ್ಸ್ ಪ್ರಾಕ್ಟಿಷನರ್ (ಎನ್‌ಪಿ) ತರಹ ನನ್ನ ಹೆಸರಿನಲ್ಲಿ ಔಷಧಿ ಚೀಟಿ ಬರೆಯುವುದಲ್ಲ ಇದು, ಪ್ರೊಟೊಕಾಲ್‌ನ ಬೇಲಿಯ ಒಳಗೆ ಮಾತ್ರ.

ಹಾಗಾಗಿ ಕೋರ್ಸ್ ಹುಡುಕುವ ಮೊದಲು, ಮುಗಿಸಿ ಬಂದ ಮಾರನೇ ದಿನ ಯಾರು ನಿಮಗೆ ಆ ಕೆಲಸ ಕೊಡುತ್ತಾರೆ ಅಂತ ಕೇಳಿ. ಈಗಿರುವ ಆಸ್ಪತ್ರೆಯಲ್ಲೇ ಕೇಳಿ. ಕಾಲೇಜಿಗೆ ಕೌನ್ಸಿಲ್‌ನ ಮಾನ್ಯತೆ ಆ ವರ್ಷಕ್ಕೆ ಇದೆಯಾ ಅಂತ ಕೌನ್ಸಿಲ್‌ನ ಪಟ್ಟಿಯಲ್ಲೇ ನೋಡಿ, ಬ್ರೋಷರ್ ನಂಬಬೇಡಿ.

---

ಗಲ್ಫ್‌ರಿಟರ್ನ್:

ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. 4 ವರ್ಷ ಐಸಿಯು ಅನುಭವ ಇದೆ. ಡೇಟಾಫ್ಲೋದಲ್ಲಿ ಸರ್ಟಿಫಿಕೇಟ್ ಪರಿಶೀಲನೆ ಮಾಡಿಸಿ, ಪ್ರೊಮೆಟ್ರಿಕ್ ಲೈಸೆನ್ಸ್ ಪರೀಕ್ಷೆ ಬರೆದು ದುಬೈಗೆ ಹೋಗಿ. ಬಜ್ಪೆಯಿಂದ ನೇರ ವಿಮಾನ. ಲೋನ್ ತೀರುತ್ತದೆ, ಅಮ್ಮ ಬೀಡಿ ಬಿಡಬಹುದು. ಸ್ಪೆಷಲಿಸ್ಟ್ ಅಂತೆ ಸ್ಪೆಷಲಿಸ್ಟ್.

---

ನೈಟ್‌ಡ್ಯೂಟಿ ಕಿನ್ನಿಗೋಳಿ:

ಅಣ್ಣಾ, ಲೋನ್ ತೀರುವುದು ಸರಿ. ಆದರೆ ಅಲ್ಲಿ ಹೋಗಿಯೂ ಸ್ಟಾಫ್ ನರ್ಸೇ ಅಲ್ವಾ? ನನ್ನ ಪ್ರಶ್ನೆ ಅದಾಗಿರಲಿಲ್ಲ. (ಅಮ್ಮನಿಗೆ ಈ ಕಮೆಂಟ್ ಓದಿ ಹೇಳಿದೆ. ಬೀಡಿ ಬಿಟ್ಟರೆ ಮಧ್ಯಾಹ್ನ ಯಾರ ಜೊತೆ ಮಾತಾಡುವುದು ಅಂತ ಕೇಳಿದರು.)

---

ಶಿರ್ವದ ಹುಡುಗಿ ದೂರದಲ್ಲಿ:

ಅಮೆರಿಕದ ವಿಷಯ ಬಂದದ್ದಕ್ಕೆ ಬರೆಯುತ್ತಿದ್ದೇನೆ. ಇಲ್ಲಿ 13 ವರ್ಷ ಆಯಿತು, ಈಗ ಕ್ಲಿನಿಕಲ್ ನರ್ಸ್ ಸ್ಪೆಷಲಿಸ್ಟ್ ಆಗಿದ್ದೇನೆ. ಊರಿನ ಗ್ರೂಪ್‌ಗಳಲ್ಲಿ ಎಲ್ಲವನ್ನೂ ಕಲಸಿ ಹೇಳುತ್ತಾರೆ, ಅದಕ್ಕೆ ಸ್ವಲ್ಪ ಬಿಡಿಸುತ್ತೇನೆ.

ಇಲ್ಲಿ ಅಡ್ವಾನ್ಸ್‌ಡ್ ಪ್ರಾಕ್ಟಿಸ್ ನರ್ಸ್ (ಸಾಮಾನ್ಯ ನರ್ಸ್‌ಗಿಂತ ಹೆಚ್ಚು ಓದಿ ಮೇಲಿನ ಮಟ್ಟದ ಕೆಲಸ ಮಾಡುವವರು) ಅಂದರೆ ನಾಲ್ಕು ಬಗೆ. ನರ್ಸ್ ಪ್ರಾಕ್ಟಿಷನರ್ ರೋಗಿಯನ್ನು ನೋಡಿ, ಕಾಯಿಲೆ ಗುರುತಿಸಿ, ಔಷಧಿ ಬರೆಯುತ್ತಾರೆ. ಎಷ್ಟು ಸ್ವತಂತ್ರವಾಗಿ ಅನ್ನುವುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. 1965ರಲ್ಲಿ ಕೊಲರಾಡೊದಲ್ಲಿ ಲೊರೆಟ್ಟಾ ಫೋರ್ಡ್ ಅನ್ನುವ ನರ್ಸ್ ಮತ್ತು ಹೆನ್ರಿ ಸಿಲ್ವರ್ ಅನ್ನುವ ಮಕ್ಕಳ ಡಾಕ್ಟರ್ ಸೇರಿ ಶುರು ಮಾಡಿದ್ದು. ಎರಡನೆಯದು ಅರಿವಳಿಕೆ ಕೊಡುವ ನರ್ಸ್ ಅನೆಸ್ಥೆಟಿಸ್ಟ್. ಇದಕ್ಕೆ ಐಸಿಯು ಅನುಭವ ಕಡ್ಡಾಯ, ಈಗ ಹೊಸದಾಗಿ ಸೇರುವವರು ಡಾಕ್ಟರೇಟ್ ಮಟ್ಟದ ಕೋರ್ಸನ್ನೇ ಮಾಡಬೇಕು. ಮೂರನೆಯದು ನರ್ಸ್ ಮಿಡ್‌ವೈಫ್. ನಾಲ್ಕನೆಯದು ನಾನು.

ನನ್ನ ಕೆಲಸ ಏನು ಅಂತ ಅಪ್ಪನಿಗೆ ಇವತ್ತಿಗೂ ಅರ್ಥ ಆಗಿಲ್ಲ. ಒಂದು ಉದಾಹರಣೆ ಕೊಡುತ್ತೇನೆ. ಒಂದು ವಾರ್ಡ್‌ನಲ್ಲಿ ಬೆಡ್‌ಸೋರ್ (ಚರ್ಮ ಒತ್ತಿ ಆಗುವ ಗಾಯ) ಜಾಸ್ತಿ ಆಗಿದೆ ಅಂತ ನನ್ನನ್ನು ಕರೆದರು. ಎಲ್ಲರೂ ಸೊಂಟದ ಹಿಂದೆ, ಹಿಮ್ಮಡಿ ನೋಡುತ್ತಿದ್ದರು, ಎರಡು ಗಂಟೆಗೊಮ್ಮೆ ತಿರುಗಿಸುತ್ತಿದ್ದರು, ಚಾರ್ಟ್ ಎಲ್ಲಾ ಸರಿ. ನಾನು ನಾಲ್ಕು ದಿನ ಸುಮ್ಮನೆ ಅಲ್ಲಿ ಓಡಾಡಿದೆ, ರೋಗಿಗಳನ್ನು ಒಬ್ಬೊಬ್ಬರಾಗಿ ನೋಡಿದೆ. ಗಾಯ ಆಗುತ್ತಿದ್ದದ್ದು ಮೂಗಿನ ಸೇತುವೆಯ ಮೇಲೆ, ಕಿವಿಯ ಹಿಂದೆ. ಆಕ್ಸಿಜನ್ ಮಾಸ್ಕ್ ಮತ್ತು ಅದರ ಪಟ್ಟಿ ಒತ್ತಿ ಆದದ್ದು. ಆಮೇಲೆ ಮಾಸ್ಕ್ ಕೆಳಗೆ ಮೆತ್ತನೆಯ ಫೋಮ್ ಹಾಕುವುದು, ಶಿಫ್ಟಿಗೆ ಇಷ್ಟು ಸಲ ಮಾಸ್ಕ್ ಎತ್ತಿ ಚರ್ಮ ನೋಡುವುದು ಅಂತ ನರ್ಸ್‌ಗಳ ಜೊತೆ ಕೂತು ಕ್ರಮ ಮಾಡಿದೆವು. ಫೋಮ್ ಖರೀದಿಗೆ ಪರ್ಚೇಸ್ ವಿಭಾಗದ ಜೊತೆ ಒಂದು ತಿಂಗಳು ಗುದ್ದಾಡಿದೆ. ನನ್ನ ಕೆಲಸ ಇಷ್ಟೇ: ಕಷ್ಟದ ರೋಗಿಯನ್ನು ನಾನೇ ನೋಡುವುದು, ನರ್ಸ್‌ಗಳ ಕೈಬಲ ಹೆಚ್ಚಿಸುವುದು, ಆಸ್ಪತ್ರೆಯ ಪದ್ಧತಿ ಬದಲಿಸುವುದು. ಕಿನ್ನಿಗೋಳಿ ತಂಗಿ, ನೀವು ಬರೆದದ್ದು ಓದಿದರೆ ನಿಮಗೆ ಬೇಕಾಗಿರುವುದು ಎನ್‌ಪಿಗಿಂತ ಇದೇ ಅಂತ ನನಗೆ ಅನಿಸುತ್ತದೆ. ಜೂನಿಯರ್‌ಗಳಿಗೆ ಕಲಿಸಬೇಕು ಅಂದಿರಲ್ಲ, ಅದಕ್ಕೆ. ಅಂದ ಹಾಗೆ ಇದು ಎನ್‌ಪಿಗಿಂತ ಹಳೆಯ ಹುದ್ದೆ. 1950ರ ದಶಕದಲ್ಲಿ ಹಿಲ್ಡೆಗಾರ್ಡ್ ಪೆಪ್ಲಾವ್ ಅನ್ನುವ ನರ್ಸ್ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಮಾನಸಿಕ ಆರೋಗ್ಯದ ನರ್ಸಿಂಗ್‌ಗೆ ಶುರು ಮಾಡಿದ್ದು. ನಿಮ್ಮ ಪಠ್ಯದಲ್ಲಿ ಅವರ ಥಿಯರಿ ಬಾಯಿಪಾಠ ಮಾಡಿರುತ್ತೀರಿ.

ದಾರಿ ಮಾತ್ರ ಉದ್ದ. ಊರಿನ ಎಂಎಸ್ಸಿಯಾಗಲಿ ಎನ್‌ಪಿಸಿಸಿಯಾಗಲಿ ತೋರಿಸಿ ನೇರ ಇಲ್ಲಿ ಅಡ್ವಾನ್ಸ್‌ಡ್ ಪ್ರಾಕ್ಟಿಸ್ ಲೈಸೆನ್ಸ್ ಸಿಗುವುದಿಲ್ಲ. ಮೊದಲು ಎನ್‌ಕ್ಲೆಕ್ಸ್ ಅನ್ನುವ ಇಲ್ಲಿನ ನರ್ಸಿಂಗ್ ಲೈಸೆನ್ಸ್ ಪರೀಕ್ಷೆ ಪಾಸ್ ಮಾಡಿ ಸಾಮಾನ್ಯ ನರ್ಸ್ ಆಗಬೇಕು. ಪರೀಕ್ಷೆಯನ್ನು ಬೆಂಗಳೂರಿನಲ್ಲೇ ಬರೆಯಬಹುದು. ಆಮೇಲೆ ವೀಸಾ, ಭಾರತದವರಿಗೆ ಅದರ ಸರದಿ ವರ್ಷಗಟ್ಟಲೆ. ಬಂದ ಮೇಲೆ ಕೆಲಸ ಮಾಡುತ್ತಾ ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಮಾಸ್ಟರ್ಸ್ ಅಥವಾ ಡಾಕ್ಟರೇಟ್, ಅದರಲ್ಲಿ ನೂರಾರು ಗಂಟೆ ಕ್ಲಿನಿಕಲ್, ಕೊನೆಗೆ ಸರ್ಟಿಫಿಕೇಷನ್ ಪರೀಕ್ಷೆ. ನನಗೆ ಫೀಸ್‌ನ ಒಂದು ಭಾಗ ಆಸ್ಪತ್ರೆ ಕೊಟ್ಟಿತು. ಊರಿನಲ್ಲಿ ಅತ್ತೆ ತೀರಿದಾಗ ಹೋಗಲು ಆಗಲಿಲ್ಲ. ಲೆಕ್ಕ ಹಾಕುವಾಗ ಇದನ್ನೂ ಸೇರಿಸಿ.

ಆಸ್ಟ್ರೇಲಿಯಾದಲ್ಲಿ ನರ್ಸ್ ಪ್ರಾಕ್ಟಿಷನರ್ ಆಗಲು ಮಾಸ್ಟರ್ಸ್ ಜೊತೆಗೆ ಉನ್ನತ ಮಟ್ಟದ ಕೆಲಸ 5,000 ಗಂಟೆ ಮಾಡಿ ತೋರಿಸಬೇಕು. ಎಲ್ಲಿ ಹೋದರೂ ಬೆಡ್‌ಸೈಡ್ ಗಂಟೆಗಳನ್ನೇ ಕೇಳುತ್ತಾರೆ. ಆದ್ದರಿಂದ ಈಗ ಐಸಿಯು ಬಿಡಬೇಡಿ.

---

ಅಜ್ಜರಕಾಡು ಅಕ್ಕ:

ನಾನು ನಿವೃತ್ತಳು, ಉಡುಪಿ ಜಿಲ್ಲೆಯಲ್ಲಿ ಸರಕಾರಿ ಕೆಲಸದಲ್ಲಿದ್ದೆ. ನಮ್ಮ ಕಾಲದಲ್ಲಿ ಈ ಹೆಸರುಗಳೆಲ್ಲ ಇರಲಿಲ್ಲ, ಆದರೆ ಆ ಕೆಲಸ ಇತ್ತು ಮಗಾ.

ನಮ್ಮಲ್ಲಿ ಒಬ್ಬರು ಡ್ರೆಸ್ಸಿಂಗ್ ಸಿಸ್ಟರ್ ಇದ್ದರು. ಜಿಎನ್‌ಎಂ ಡಿಪ್ಲೊಮಾ ಮಾಡಿದವರು, ಪದವಿ ಅಲ್ಲ. ಶುಗರ್ ಕಾಲಿನ ಗಾಯ ನೋಡಿದ ಕೂಡಲೇ ಇದು ವಾಸಿ ಆಗುತ್ತದಾ, ಬೆರಳು ತೆಗೆಯಬೇಕಾ ಅಂತ ಹೇಳುತ್ತಿದ್ದರು. ಸರ್ಜನ್ ಕೂಡ "ಅವರನ್ನು ಕರೆಯಿರಿ" ಅನ್ನುತ್ತಿದ್ದರು. ಗದ್ದೆಯಲ್ಲಿ ಬರಿಗಾಲಲ್ಲಿ ನಡೆಯುವವರಿಗೆ ತುಳುವಿನಲ್ಲಿ ಬೈದು ಚಪ್ಪಲಿ ಹಾಕಿಸುತ್ತಿದ್ದರು. ಅವರು ನಿವೃತ್ತಿ ಆದ ದಿನ ಆ ಜ್ಞಾನ ಪೂರ್ತಿ ಮನೆಗೆ ಹೋಯಿತು. ಒಂದು ಪುಟ ಬರೆದಿಟ್ಟಿರಲಿಲ್ಲ, ಬರೆಯಿರಿ ಅಂತ ಯಾರೂ ಕೇಳಲೂ ಇಲ್ಲ. ನನಗೆ ಇವತ್ತಿಗೂ ಅದೇ ಬೇಜಾರು.

2 ವರ್ಷ ಬಿಡಲು ಆಗದಿದ್ದರೆ ಒಂದು ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾ ಉಂಟು. ಕ್ರಿಟಿಕಲ್ ಕೇರ್, ಆಂಕಾಲಜಿ, ನಿಯೋನೇಟಲ್ (ನವಜಾತ ಶಿಶು) ಹೀಗೆ ಬೇರೆ ಬೇರೆ. ಹೆರಿಗೆ ಕಡೆ ಮನಸ್ಸಿದ್ದವರಿಗೆ 2018ರ ಮಿಡ್‌ವೈಫರಿ ಮಾರ್ಗಸೂಚಿಯಲ್ಲಿ ಬಂದ ನರ್ಸ್ ಪ್ರಾಕ್ಟಿಷನರ್ ಇನ್ ಮಿಡ್‌ವೈಫರಿ, 18 ತಿಂಗಳು. ಇನ್ನು ಆಸ್ಪತ್ರೆಗಳು ಗುಣಮಟ್ಟ ನೋಡಿ ಕೊಡುವ ಎನ್‌ಎಬಿಎಚ್ ಮಾನ್ಯತೆ ಬೇಕು ಅಂದರೆ ಇನ್‌ಫೆಕ್ಷನ್ ಕಂಟ್ರೋಲ್ ನರ್ಸ್ ಇಡಲೇಬೇಕು. ನಮ್ಮೂರಿನ ಖಾಸಗಿ ಆಸ್ಪತ್ರೆಗಳಲ್ಲಿ ನರ್ಸ್‌ಗೆ ಸ್ಪೆಷಲಿಸ್ಟ್ ತರಹದ ಹುದ್ದೆ ಹೆಸರು ಸಮೇತ ಸಿಗುವುದು ಸದ್ಯಕ್ಕೆ ಇಂಥ ಕಡೆ. ಅದನ್ನೂ ನೋಡು.

ಮದುವೆ ಮಾತಿಗೆ ಬಂದವರ ಹತ್ತಿರ ನೈಟ್ ಡ್ಯೂಟಿ ಮತ್ತು ಓದು ಎರಡನ್ನೂ ಮೊದಲ ದಿನವೇ ಹೇಳಿಬಿಡು. ಒಪ್ಪದವರು ಚಾ ಕುಡಿದು ಹೋಗಲಿ.

---

ಬ್ರದರ್ ಬಂಟ್ವಾಳ:

ಅಕ್ಕ ಹೇಳಿದ್ದಕ್ಕೆ ಒಂದು ಮಾತು. ಡಿಪ್ಲೊಮಾ ಒಳ್ಳೆಯದೇ, ಆದರೆ ಮುಂದೆ ಪಿಎಚ್‌ಡಿ ಅಥವಾ ಕಾಲೇಜು ಕೆಲಸ ಬೇಕು ಅನಿಸಿದರೆ ಅದು ಮಾಸ್ಟರ್ಸ್‌ಗೆ ಸಮ ಆಗುವುದಿಲ್ಲ. ಮೊದಲೇ ಯೋಚಿಸಿ.

---

ನೈಟ್‌ಡ್ಯೂಟಿ ಕಿನ್ನಿಗೋಳಿ:

ಎಲ್ಲರಿಗೂ ಥ್ಯಾಂಕ್ಸ್. ಎರಡು ವಾರ ಆಯಿತು, ಆದದ್ದು ಹೇಳುತ್ತೇನೆ.

ಬ್ರದರ್ ಹೇಳಿದ ಹಾಗೆ ನಮ್ಮ ಐಸಿಯು ಡಾಕ್ಟರ್ ಹತ್ತಿರ ಕೇಳಿದೆ, ನಾನು ಎನ್‌ಪಿಸಿಸಿ ಮಾಡಿ ಬಂದರೆ ನನಗೆ ಇಲ್ಲಿ ಏನು ಕೆಲಸ ಅಂತ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹುದ್ದೆ ಬಗ್ಗೆ ನಾನು ಮಾತು ಕೊಡಲಾರೆ, ಮ್ಯಾನೇಜ್‌ಮೆಂಟ್ ಹತ್ತಿರ ಮಾತಾಡುತ್ತೇನೆ" ಅಂದರು. ಆಗ ಧೈರ್ಯ ಮಾಡಿ ಆ ರಾತ್ರಿಯ ಕತೆ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. "ಗ್ರಾಫ್ ನೋಡಿ ಕಂಡುಹಿಡಿದಿರಾ? ಹಾಗಾದರೆ ಬರೆದು ತನ್ನಿ, ಎಲ್ಲರಿಗೂ ಆಗುತ್ತದೆ" ಅಂದರು.

ಸದ್ಯಕ್ಕೆ ಲೋನ್ ತೀರುವವರೆಗೆ ಇಲ್ಲೇ ಇರುತ್ತೇನೆ. ಮುಂದಿನ ವರ್ಷ ಎನ್‌ಪಿಸಿಸಿ, ಮ್ಯಾನೇಜ್‌ಮೆಂಟ್ ಬರೆದು ಕೊಟ್ಟರೆ. ಕೊಡದಿದ್ದರೆ ಎನ್‌ಕ್ಲೆಕ್ಸ್‌ಗೆ ಓದಲು ಶುರು. ಶಿರ್ವದ ಅಕ್ಕ, ನಿಮ್ಮ ಮಾಸ್ಕ್ ಕತೆಯನ್ನು ನಮ್ಮ ಶಿಫ್ಟ್‌ನವರಿಗೆಲ್ಲ ಹೇಳಿದೆ, ಮಾರನೇ ದಿನವೇ ಒಬ್ಬರ ಕಿವಿಯ ಹಿಂದೆ ಕೆಂಪಾಗಿದ್ದು ಸಿಕ್ಕಿತು.

ಸಕ್ಷನ್ ಬಗ್ಗೆ ಒಂದೂವರೆ ಪುಟ ಬರೆದಿದ್ದೇನೆ. ಗಡಿಯಾರ ನೋಡಿ ಮಾಡಬಾರದು, ಬೇಕಾದಾಗ ಮಾಡಬೇಕು, ಬೇಕು ಅಂತ ಗೊತ್ತಾಗುವುದು ಹೇಗೆ, ಗ್ರಾಫ್ ಹೇಗೆ ಕಾಣುತ್ತದೆ, ಇಷ್ಟು. ಗರಗಸದ ಚಿತ್ರ ನಾನೇ ಬಿಡಿಸಿದ್ದು, ಗುಡ್ಡೆ ಸಾಲಿನ ಹಾಗೆ ಬಂದಿದೆ. ದೇರಳಕಟ್ಟೆ ಅಕ್ಕ, ಒಮ್ಮೆ ತಿದ್ದಿ ಕೊಡುತ್ತೀರಾ?

---

ದೇರಳಕಟ್ಟೆ ಟ್ಯೂಟರ್:

ಕಳಿಸಿ. ಆದರೆ ಭಾನುವಾರದ ಮೇಲೆ ನೋಡುತ್ತೇನೆ, ಇಂಟರ್ನಲ್ಸ್ ಪೇಪರ್ 60 ಉಂಟು ತಿದ್ದಲಿಕ್ಕೆ. ಮತ್ತೆ ಪುಟದ ಕೆಳಗೆ ನಿಮ್ಮ ಹೆಸರು ಹಾಕಿ.